ಮಲಗಿದ ಕಡಲು

"ಗುರುಗಳೇ, ಎಲ್ಲಿಯೂ ನಿಲ್ಲದವನಿಗೆ ಪಾಪ ಅಂಟುತ್ತದೆಯೇ?"

ಕೇಳಿದವನು ಶಿಷ್ಯ. ಹೆಗಲ ಮೇಲೆ ಬಟ್ಟೆಯ ಗಂಟು ಇತ್ತು. ಹೊರಡಲು ಅಪ್ಪಣೆ ಪಡೆಯಲು ಬಂದಿದ್ದ. ಮಠಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಅದಕ್ಕೆ ಮೊದಲು ಏಳು ವರ್ಷದಲ್ಲಿ ಹನ್ನೊಂದು ಊರು ತಿರುಗಿದ್ದ. ಎಲ್ಲಿಯೂ ವರ್ಷ ತುಂಬಿಸಿದವನಲ್ಲ.

ಗುರು ಬಾವಿಯ ಹಗ್ಗ ಸರಿಮಾಡುತ್ತಿದ್ದರು. ತಲೆ ಎತ್ತಲಿಲ್ಲ.

"ಅಂಟುವುದಿಲ್ಲ ಎಂದು ಯಾರು ಹೇಳಿದರು?"

"ಹರಿಯುವ ನೀರಿಗೆ ಮೈಲಿಗೆಯಿಲ್ಲ ಎನ್ನುತ್ತಾರಲ್ಲ. ನಿಂತವನಿಗೆ ಮನೆ, ಹೊಲ, ಜಗಳ. ನನಗೆ ಅದೊಂದೂ ಇಲ್ಲ. ಹನ್ನೊಂದು ಊರು ಬಿಟ್ಟು ಬಂದಿದ್ದೇನೆ. ಒಂದು ಊರಿನಿಂದಲೂ ನನ್ನ ಮೇಲೆ ದೂರು ಬಂದಿಲ್ಲ."

"ಗಂಟು ಇಳಿಸು. ಈ ತುದಿ ಹಿಡಿ."

ಶಿಷ್ಯ ಹಗ್ಗದ ತುದಿ ಹಿಡಿದು ಕುಳಿತ. ಗುರು ಹೊಸೆಯುತ್ತಲೇ ಹೇಳಿದರು.

ತೆಂಕಣ ಕಡಲಿನಲ್ಲಿ ದ್ವೀಪಗಳು ಬಹಳ. ಕೆಲವಕ್ಕೆ ಎರಡು ದಿನದ ದಾರಿ, ಕೆಲವಕ್ಕೆ ಹತ್ತು ದಿನದ ದಾರಿ. ಅಲ್ಲಿ ಒಬ್ಬ ನಾವಿಕನಿದ್ದ. ಅವನಿಗೆ ಒಂದು ಹಾಯಿದೋಣಿ ಇತ್ತು, ಹೆಂಡತಿ ಇದ್ದಳು. ಮನೆ ಇರಲಿಲ್ಲ. ಸೂಜಿ, ದಾರ, ಮೀನಿನ ಗಾಳ ಒಯ್ದು ಕೊಡುತ್ತಿದ್ದ. ತೆಂಗಿನಕಾಯಿ, ಒಣಮೀನು ಪಡೆಯುತ್ತಿದ್ದ. ಗಾಳಿ ಇದ್ದಷ್ಟು ದಿನ ಹೋಗುತ್ತಿದ್ದ. ನೀರು ಮುಗಿದಲ್ಲಿ ನಿಲ್ಲುತ್ತಿದ್ದ. ಹೀಗೆ ಹದಿನಾಲ್ಕು ವರ್ಷ.

ಒಮ್ಮೆ ಹೋದ ದ್ವೀಪಕ್ಕೆ ಅವನು ಮತ್ತೆ ಹೋಗುತ್ತಿರಲಿಲ್ಲ. ನೋಡದ್ದು ಇನ್ನೂ ಬೇಕಾದಷ್ಟಿದೆ, ನೋಡಿದ್ದನ್ನು ಏನು ನೋಡುವುದು ಎನ್ನುತ್ತಿದ್ದ.

ಹೆಂಡತಿಗೆ ದೋಣಿಯಲ್ಲೇ ಎರಡು ಹೆರಿಗೆಯಾಯಿತು. ಎರಡು ಕೂಸೂ ಉಳಿಯಲಿಲ್ಲ. ಒಂದನ್ನು ಒಂದು ದ್ವೀಪದಲ್ಲಿ ಹೂಳಿದರು. ಇನ್ನೊಂದನ್ನು ಬೇರೆ ದ್ವೀಪದಲ್ಲಿ. ಆ ಎರಡು ಕಡೆಗೂ ದೋಣಿ ಮತ್ತೆ ಹೋಗಲಿಲ್ಲ.

ಅವಳು ಪ್ರತಿ ದ್ವೀಪದಿಂದ ಒಂದು ಸಣ್ಣ ವಸ್ತು ಎತ್ತಿಕೊಳ್ಳುತ್ತಿದ್ದಳು. ಒಂದು ಬೀಜ, ಒಂದು ಕವಡೆ, ಒಂದು ಚೂರು ಹವಳ. ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಇಟ್ಟಿದ್ದಳು. ಅವಳಿಗಿದ್ದ ಊರು ಆ ಗಂಟೊಂದೇ.

ನಾವಿಕ ಕೂಡಿಡುತ್ತಿದ್ದದ್ದು ಕಟ್ಟಳೆಗಳನ್ನು. ದ್ವೀಪಕ್ಕೊಂದು ಕಟ್ಟಳೆ ಇರುತ್ತಿತ್ತು. ಒಂದು ಕಡೆ ಶಿಳ್ಳೆ ಹಾಕುವಂತಿಲ್ಲ. ಒಂದು ಕಡೆ ಹಿರಿಯನ ನೆರಳು ತುಳಿಯುವಂತಿಲ್ಲ. ಇನ್ನೊಂದು ಕಡೆ ಒದ್ದೆ ತಲೆಯಲ್ಲಿ ದೋಣಿ ಹತ್ತುವಂತಿಲ್ಲ. ನಾವಿಕ ಎಲ್ಲವನ್ನೂ ಪಾಲಿಸುತ್ತಿದ್ದ. ಜನ ನೋಡುತ್ತಿರುವಷ್ಟು ಹೊತ್ತು ಪಾಲಿಸುತ್ತಿದ್ದ. ಒಂದು ದ್ವೀಪದ ಕಟ್ಟಳೆಯನ್ನು ಮುಂದಿನ ದ್ವೀಪದಲ್ಲಿ ನಗೆಯ ಕತೆ ಮಾಡಿ ಹೇಳುತ್ತಿದ್ದ. ಕೇಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಅದರ ಮುಂದಿನ ದ್ವೀಪದಲ್ಲಿ ತಮ್ಮ ಸರದಿ ಎಂದು ಅವರಿಗೆ ಹೊಳೆಯುತ್ತಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ನಲವತ್ತೊಂದು ಕಟ್ಟಳೆಗಳಾಗಿದ್ದವು.

"ಒಳ್ಳೆಯ ಬಾಳು," ಎಂದ ಶಿಷ್ಯ.

"ಹಗ್ಗ ಬಿಗಿಯಾಗಿ ಹಿಡಿ," ಎಂದರು ಗುರು.

ಹದಿನೈದನೆಯ ವರ್ಷ ದೋಣಿಯ ಅಡಿಹಲಗೆ ಸಡಿಲವಾಯಿತು. ಹತ್ತಿರ ಒಂದು ಸಣ್ಣ ದ್ವೀಪ ಕಂಡಿತು. ಎಲೆಯಡಿಕೆ ಜಗಿದು ಮುಗಿಸುವುದರೊಳಗೆ ಸುತ್ತಿ ಬರಬಹುದು, ಅಷ್ಟೇ ಅಗಲ. ನಲವತ್ತು ಮನೆ. ತೆಂಗು, ಕೆಸುವಿನ ಗುಂಡಿಗಳು. ಒಂದೇ ಬಾವಿ.

ಬಾವಿ ಆಳವಿರಲಿಲ್ಲ. ನಾಲ್ಕು ಮೆಟ್ಟಿಲು ಇಳಿದರೆ ನೀರು ಕೈಗೆ ಸಿಗುತ್ತಿತ್ತು. ಅದರ ಪಕ್ಕ ಒಬ್ಬ ವಿಧವೆ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದಳು. ಕಾವಲು ಅವಳದು. ಕೈಯಲ್ಲಿ ಒಂದು ತೆಂಗಿನ ಕರಟ. ನೀರು ಬೇಕಾದವರು ಆ ಕರಟದಿಂದ ಮೆಲ್ಲನೆ ಎತ್ತಿ ತಮ್ಮ ಮಡಕೆಗೆ ಸುರಿದುಕೊಳ್ಳಬೇಕು. ಕೊಡ ಇಳಿಸುವಂತಿಲ್ಲ. ನೀರು ಬಡಿಯುವಂತಿಲ್ಲ.

ನಾವಿಕನ ಹೆಂಡತಿ ಮೊದಲ ದಿನ ಕೇಳಿದಳು. "ಯಾಕಕ್ಕ, ಇಷ್ಟು ಮೆಲ್ಲಗೆ?"

"ತಳದಲ್ಲಿ ಕಡಲು ಮಲಗಿದೆ, ತಂಗಿ. ಎಬ್ಬಿಸಬಾರದು."

ನಾವಿಕ ಹಿಂದೆ ನಿಂತಿದ್ದ. ಗಂಭೀರವಾಗಿ ತಲೆಯಾಡಿಸಿದ. ದೋಣಿಗೆ ಬಂದ ಮೇಲೆ ನಕ್ಕ. "ನಲವತ್ತೆರಡು," ಎಂದ.

ನಲವತ್ತಮೂರನೆಯದು ರಾತ್ರಿಯ ಊಟದ ಹೊತ್ತಿನಲ್ಲಿ ಸಿಕ್ಕಿತು. ಬಾವಿಯವಳ ತಮ್ಮ ಮೀನುಗಾರ. ಮಾತಿನ ಮಲ್ಲ. ಅವನ ಮನೆಯಲ್ಲಿ ಇವರಿಗೆ ಊಟ. ನಾವಿಕ ತನಗೆ ಗೊತ್ತಿದ್ದ ಇನ್ನೊಬ್ಬ ನಾವಿಕನ ಕತೆ ತೆಗೆದ. ಅವನು ಕಳ್ಳ, ತೂತು ಬಿದ್ದ ಪೀಪಾಯಿ ಮಾರಿ ಓಡಿಹೋದವನು ಎಂದು ಶುರುಮಾಡಿದ.

ಬಾವಿಯವಳು ಕೈ ಅಡ್ಡ ಹಿಡಿದಳು. "ಅವನು ಈಗ ದಡದಲ್ಲಿದ್ದಾನೋ, ಕಡಲ ಮೇಲಿದ್ದಾನೋ?"

"ಕಡಲ ಮೇಲೆಯೇ ಇರಬೇಕು."

"ಹಾಗಾದರೆ ಬೇಡ. ಕಡಲ ಮೇಲಿರುವವರ ಬಗ್ಗೆ ಕೆಟ್ಟ ಮಾತು ಆಡಬಾರದು. ಮಾತಿನ ಭಾರಕ್ಕೆ ದೋಣಿ ಮುಳುಗುತ್ತದೆ. ಅವನು ದಡ ಸೇರಲಿ, ಆಮೇಲೆ ಬೈಯೋಣ."

"ದಡ ಸೇರುವಷ್ಟರಲ್ಲಿ ನನ್ನ ಸಿಟ್ಟು ಆರಿಹೋದರೆ?"

"ಆರಿದರೆ ಲಾಭ ಯಾರಿಗೆ? ನಿನಗೇ," ಎಂದ ಮೀನುಗಾರ. "ನನ್ನ ಹೆಂಡತಿ ಬೈಯಲು ಶುರುಮಾಡಿದಾಗೆಲ್ಲ ನಾನು ದೋಣಿ ಹತ್ತುವುದು ಅದಕ್ಕೇ."

ಎಲ್ಲರೂ ನಕ್ಕರು. ಮೀನುಗಾರನ ಹೆಂಡತಿ ಸೌಟು ತೋರಿಸಿದಳು. "ದಡಕ್ಕೆ ಬರದೆ ಎಲ್ಲಿಗೆ ಹೋಗುತ್ತೀರಿ? ಎಲ್ಲ ಒಟ್ಟಿಗೆ ಕೇಳಿಸುತ್ತೇನೆ."

ನಾವಿಕನ ಹೆಂಡತಿಯೂ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು.

ಹಲಗೆ ಸರಿಯಾಗಲು ಹದಿನೆಂಟು ದಿನ ಹಿಡಿಯಿತು. ಹೆಂಡತಿ ಹೆಂಗಸರ ಜೊತೆ ಕೆಸು ಕಿತ್ತಳು. ಬಾವಿಯವಳ ಪಕ್ಕ ಕೂತು ಚಾಪೆ ಹೆಣೆದಳು. ಸತ್ತ ಕೂಸುಗಳ ಮಾತು ತೆಗೆದದ್ದು ಅವಳೊಬ್ಬಳ ಹತ್ತಿರ. ಬಾವಿಯವಳು ಮರುದಿನ ಒಂದು ದೀವಿಹಲಸಿನ ಸಸಿ ತಂದು ಕೊಟ್ಟಳು.

"ನೆಡು, ತಂಗಿ. ಏಳು ವರ್ಷಕ್ಕೆ ಕಾಯಿ ಬಿಡುತ್ತದೆ. ನೆಟ್ಟವರು ಅದರ ಕಾಯಿ ತಿನ್ನದೆ ಹೋಗಬಾರದು."

ಹೆಂಡತಿ ನೆಟ್ಟಳು. ತನ್ನ ಪಾಲಿನ ನೀರಿನಲ್ಲಿ ಒಂದು ಕರಟ ಅದಕ್ಕೆ ಹಾಕುತ್ತಿದ್ದಳು. ಒಂದು ದಿನ ಗಂಡನಿಗೆ ಹೇಳಿದಳು.

"ಇಲ್ಲೇ ಇದ್ದುಬಿಡೋಣವೇ?"

"ಮುದುಕರಾದ ಮೇಲೆ ಬರೋಣ."

"ನೀವು ಹೋದ ದ್ವೀಪಕ್ಕೆ ಮತ್ತೆ ಹೋಗುವವರಲ್ಲ."

"ಇದೊಂದಕ್ಕೆ ಬರುತ್ತೇನೆ."

ಅವಳು ನಂಬಲಿಲ್ಲ. ಜಗಳವನ್ನೂ ಆಡಲಿಲ್ಲ. ಸಸಿಗೆ ಬೇಲಿ ಕಟ್ಟಲು ಹೋದಳು.

ಹದಿನೆಂಟನೆಯ ದಿನ ಬೆಳಿಗ್ಗೆ ನಾವಿಕ ಆಕಾಶ ನೋಡಿದ. ಗಾಳಿ ತಿರುಗುವ ಸೂಚನೆ ಇತ್ತು. ತಿರುಗಿದರೆ ಆರು ತಿಂಗಳು ದೋಣಿ ಹೊರಡುವಂತಿಲ್ಲ. ಆರು ತಿಂಗಳು ನಿಂತರೆ ಹೆಂಡತಿ ಮತ್ತೆ ಅಲ್ಲಿಂದ ಏಳುವವಳಲ್ಲ. ಅವಳು ಏಳದಿದ್ದರೆ ಅವನ ತಿರುಗಾಟ ಮುಗಿಯಿತು. ಅಂದೇ ಹೊರಡಬೇಕು ಎಂದುಕೊಂಡ.

ಆರು ಪೀಪಾಯಿಗಳು ಖಾಲಿ ಇದ್ದವು. ಕರಟದಿಂದ ತುಂಬಿಸಲು ಮೂರು ದಿನ ಬೇಕು.

ಅವನು ಬಾವಿಯವಳ ಹತ್ತಿರ ಹೋದ. "ಅಕ್ಕ, ಇವತ್ತೇ ಹೊರಡುತ್ತೇವೆ."

"ಇವತ್ತೇ? ನೀರು?"

"ಕೈಲಾದಷ್ಟು ತುಂಬಿಸಿಕೊಳ್ಳುತ್ತೇನೆ."

ಅವಳು ಚಡಪಡಿಸಿದಳು. "ಹೊರಡುವವರಿಗೆ ಬುತ್ತಿ ಕಟ್ಟಬೇಕು. ಊರಿನವರೆಲ್ಲ ಹವಳದ ದಿಬ್ಬದ ಆಚೆ ಮೀನಿಗೆ ಹೋಗಿದ್ದಾರೆ. ನಾನು ಕಾವಲು ಬಿಟ್ಟು ಏಳುವ ಹಾಗಿಲ್ಲ."

"ನಾನು ಕೂತಿರುತ್ತೇನೆ. ನೀವು ಹೋಗಿ ಬನ್ನಿ. ನಿಮ್ಮ ಕಡಲನ್ನು ಎಬ್ಬಿಸುವುದಿಲ್ಲ."

ಅವಳು ನಕ್ಕಳು. ಕರಟ ಅವನ ಕೈಗೆ ಕೊಟ್ಟಳು. ಕಾವಲಿಗೆ ಕೂತ ಮೇಲೆ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು ಎದ್ದದ್ದು ಅದೇ ಮೊದಲು.

ಅವಳು ಮರೆಯಾದಳು. ನಾವಿಕ ಕರಟ ಪಕ್ಕಕ್ಕಿಟ್ಟ. ದೋಣಿಯಿಂದ ಪೀಪಾಯಿಗಳನ್ನೂ ತಾಮ್ರದ ಕೊಡವನ್ನೂ ತಂದ. ಹಗ್ಗ ಕಟ್ಟಿದ. ಮೇಲಿನಿಂದಲೇ ಇಳಿಸಿದ.

ಮೊದಲ ಕೊಡ ಇಳಿಸುವಾಗ ಕೈ ಸ್ವಲ್ಪ ತಡೆಯಿತು. ಏನೂ ಆಗಲಿಲ್ಲ. ನೀರು ಸಿಹಿಯಾಗಿಯೇ ಇತ್ತು. ಆಮೇಲೆ ಅವನು ಎಣಿಸಲಿಲ್ಲ. ಬಾವಿಯ ನೀರು ಇಳಿಯುತ್ತ ಹೋಯಿತು. ಕೊನೆಯ ಪೀಪಾಯಿಯ ಹೊತ್ತಿಗೆ ಕೊಡ ತಳಕ್ಕೆ ಬಡಿಯಿತು. ಕಲ್ಲು ಬಿರಿದ ಸದ್ದು. ಕೊಡದ ನೀರಿನ ಜೊತೆ ಏನೋ ಪೀಪಾಯಿಗೆ ಬಿತ್ತು. ನೋಡಲು ಹೊತ್ತಿರಲಿಲ್ಲ. ಮುಚ್ಚಳ ಬಡಿದ. ಪೀಪಾಯಿಗಳನ್ನು ಒಂದೊಂದಾಗಿ ದಡಕ್ಕೆ ಉರುಳಿಸಿದ. ದೋಣಿಗೆ ಏರಿಸಿದ. ಕರಟವನ್ನು ಬಾವಿಯ ಕಟ್ಟೆಯ ಮೇಲೆ, ಅವಳು ಇಡುತ್ತಿದ್ದ ಜಾಗದಲ್ಲೇ ಇಟ್ಟ.

ಹೆಂಡತಿ ಸಸಿಯ ಹತ್ತಿರ ಇದ್ದಳು. ಕೈ ಹಿಡಿದು ಕರೆದುಕೊಂಡು ಬಂದ.

"ಇಷ್ಟು ಬೇಗ ತುಂಬಿತೇ?"

"ಅಕ್ಕ ಕೈಜೋಡಿಸಿದರು."

ಹಾಯಿ ಏರಿಸುವಾಗ ಬಾವಿಯವಳು ಓಡಿ ಬಂದಳು. ಮೊಣಕಾಲುದ್ದ ನೀರಿಗಿಳಿದು ಬುತ್ತಿ ಕೊಟ್ಟಳು. ಎಲೆಯಲ್ಲಿ ಕಟ್ಟಿದ ಸುಟ್ಟ ಕೆಸು, ಮೀನು. ಇನ್ನೂ ಬಿಸಿ ಇತ್ತು.

"ಹೋಗಿ ಬಾ, ತಂಗಿ. ನಿನ್ನ ಸಸಿ ನಾನು ನೋಡಿಕೊಳ್ಳುತ್ತೇನೆ."

ದೋಣಿ ಹೊರಟಿತು. ಅದು ಕಣ್ಮರೆಯಾಗುವವರೆಗೆ ಬಾವಿಯವಳು ದಡದಲ್ಲೇ ನಿಂತಿದ್ದಳು. ಬಾವಿಯ ಕಡೆ ಹೋದದ್ದು ಆಮೇಲೆ.

ಮತ್ತೆ ಏಳು ವರ್ಷ. ನಾವಿಕ ಇನ್ನೂ ಇಪ್ಪತ್ತು ದ್ವೀಪ ನೋಡಿದ. ಮಲಗಿದ ಕಡಲಿನ ಕತೆಯನ್ನು ಎಲ್ಲ ಕಡೆ ಹೇಳಿದ. ಬಹಳ ನಗೆ ಬರುತ್ತಿದ್ದ ಕತೆ ಅದು. ಅವನು ಆ ದ್ವೀಪವನ್ನು ಹೊಗಳುತ್ತಲೂ ಇದ್ದ. ಅಂಥ ಒಳ್ಳೆಯ ಜನ ಇನ್ನೆಲ್ಲೂ ಇಲ್ಲ ಎನ್ನುತ್ತಿದ್ದ.

ಕೊನೆಯ ಪೀಪಾಯಿ ಬರಿದಾದಾಗ ತಳದಲ್ಲಿ ಒಂದು ಬಿಳಿಯ ಕಲ್ಲಿನ ಚೂರು ಸಿಕ್ಕಿತ್ತು. ಅರ್ಧ ಅಂಗೈ ಅಗಲ, ಒಂದು ಬದಿ ನುಣುಪು. ಹೊರಟ ಗಡಿಬಿಡಿಯಲ್ಲಿ ಹೆಂಡತಿ ಆ ದ್ವೀಪದಿಂದ ಏನೂ ಎತ್ತಿಕೊಂಡಿರಲಿಲ್ಲ. ಅದಕ್ಕಾಗಿ ಅತ್ತಿದ್ದಳು. ಈಗ ಚೂರನ್ನು ಒರೆಸಿ ಗಂಟಿನಲ್ಲಿಟ್ಟಳು. "ನಮ್ಮ ಊರಿನ ಕಲ್ಲು," ಎಂದಳು. ಗಂಡ ಆಚೆ ನೋಡಿದ.

ಏಳನೆಯ ವರ್ಷ ಅವಳಿಗೆ ಜ್ವರ ಬಂತು. ಕಾಲು ಬಾತುಕೊಂಡವು. ತಿಂದದ್ದು ನಿಲ್ಲುತ್ತಿರಲಿಲ್ಲ. ಎರಡು ದ್ವೀಪಗಳಲ್ಲಿ ಮದ್ದು ಮಾಡಿಸಿದರು. ಗುಣವಾಗಲಿಲ್ಲ.

"ಸಸಿ ಈಗ ಕಾಯಿ ಬಿಟ್ಟಿರುತ್ತದೆ," ಎಂದಳು. "ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಇನ್ನೇನೂ ಕೇಳುವುದಿಲ್ಲ."

ಅವಳು ಮದುವೆಯಾದಾಗಿನಿಂದ ಕೇಳಿದ್ದು ಎರಡೇ. ಎರಡೂ ಅದೇ ದ್ವೀಪ. ನಾವಿಕ ಚುಕ್ಕಾಣಿ ತಿರುಗಿಸಿದ.

ಇಪ್ಪತ್ತೆರಡು ದಿನದ ದಾರಿ. ಪೀಪಾಯಿಗಳು ಹಳತಾಗಿದ್ದವು. ಎರಡು ಸೋರಿದವು. ನಡುವೆ ಒಂದು ದ್ವೀಪ ಸಿಕ್ಕಿತು. ಅಲ್ಲಿ ಇಳಿದು ತುಂಬಿಸಿಕೊಳ್ಳಬಹುದಿತ್ತು. ಒಂದು ದಿನ ಹಾಳಾಗುತ್ತದೆ, ಮುಂದೆ ಆ ಬಾವಿ ಇದ್ದೇ ಇದೆ ಎಂದುಕೊಂಡು ಮುಂದೆ ಹೋದ. ಕೊನೆಯ ಎರಡು ದಿನ ನೀರಿರಲಿಲ್ಲ. ಹೆಂಡತಿಯ ತುಟಿ ಒಡೆದಿತ್ತು.

ದ್ವೀಪ ಬೆಳಿಗ್ಗೆ ಕಂಡಿತು. ತೆಂಗಿನ ಮರಗಳಿಗೆ ಗರಿ ಇರಲಿಲ್ಲ. ಬರಿಯ ಕಾಂಡಗಳು ನಿಂತಿದ್ದವು. ದಡದಲ್ಲಿ ದೋಣಿಗಳಿರಲಿಲ್ಲ. ಮನೆಗಳು ಕುಸಿದಿದ್ದವು. ಕೆಸುವಿನ ಗುಂಡಿಗಳಲ್ಲಿ ಬಿಳಿಯ ಉಪ್ಪು.

ನಾವಿಕ ಹೆಂಡತಿಯನ್ನು ಎತ್ತಿಕೊಂಡು ಬಾವಿಯ ಹತ್ತಿರ ಹೋದ. ಅಲ್ಲಿ ಒಬ್ಬ ಮನುಷ್ಯ ಕೂತಿದ್ದ. ಬಾವಿಯವಳ ತಮ್ಮ. ಏಳು ವರ್ಷದಲ್ಲಿ ಇಪ್ಪತ್ತು ವರ್ಷದಷ್ಟು ಮುದುಕನಾಗಿದ್ದ.

"ಬಂದಿರಾ," ಎಂದ.

ಅವನ ಹಿಂದೆ ಮೂರು ಮಡಕೆಗಳಿದ್ದವು. ಮಳೆಯ ನೀರು ಹಿಡಿದಿಟ್ಟದ್ದು. ಮುಂದಿನ ಮಳೆಯವರೆಗೆ ಅವನಿಗಿದ್ದದ್ದು ಅಷ್ಟೇ. ಬೇರೆ ಮಾತಾಡದೆ ಒಂದರಿಂದ ಕರಟದಲ್ಲಿ ತೆಗೆದು ಅವಳ ಕೈಗೆ ಕೊಟ್ಟ. ಅದೇ ಕರಟ. ಅಂಚು ಸವೆದಿತ್ತು.

ಅವಳು ಕರಟವನ್ನು ಗುರುತಿಸಿದಳು. ಕುಡಿಯಲಿಲ್ಲ. "ಅಕ್ಕ ಎಲ್ಲಿ?"

"ಕುಡಿ. ಆಮೇಲೆ ಹೇಳುತ್ತೇನೆ."

"ಎಲ್ಲಿ, ಅಣ್ಣ?"

ಅವನು ನಾವಿಕನ ಕಡೆ ನೋಡಿ ಹೇಳಿದ. "ನೀವು ಹೋದ ದಿನ ಸಂಜೆ ನೀರು ಉಪ್ಪಾಯಿತು. ತಿಳಿಯಾಗಬಹುದು ಎಂದು ಕಾದೆವು. ಆಗಲಿಲ್ಲ. ಕೆಸು ಕೊಳೆಯಿತು. ಅದೇ ನೀರು ಕುಡಿದು ನಾಲ್ಕು ಮಕ್ಕಳು ಸತ್ತವು. ಎರಡು ನನ್ನವು. ಊರು ಕೂಡಿತು. ಕಾವಲಿನವಳು ನೀನು, ಯಾರು ತಳ ಒಡೆದರು ಹೇಳು ಎಂದರು. ಅವಳು ಒಂದೇ ಮಾತು ಹೇಳಿದಳು. ದೋಣಿ ದಡ ಸೇರಲಿ, ಆಮೇಲೆ ಹೇಳುತ್ತೇನೆ ಎಂದಳು."

"ಯಾವ ದೋಣಿ?" ಎಂದ ನಾವಿಕ.

"ಕೇಳಬೇಕಾಗಿರಲಿಲ್ಲ. ನಮ್ಮ ದೋಣಿಗಳೆಲ್ಲ ದಡದಲ್ಲೇ ಇದ್ದವು. ನಲವತ್ತು ಮನೆಗೂ ಅರ್ಥವಾಗಿತ್ತು. ಆದರೆ ಯಾರೂ ಬಾಯಿ ಬಿಡುವಂತಿರಲಿಲ್ಲ. ಆ ದೋಣಿಯಲ್ಲಿ ಈ ತಂಗಿಯೂ ಇದ್ದಳು. ನಾಲ್ಕು ಹೆಣ ಬಿದ್ದಿದ್ದವು. ಶಿಕ್ಷೆ ಯಾರಿಗಾದರೂ ಆಗಲೇಬೇಕಿತ್ತು. ದಡದಲ್ಲಿದ್ದವಳು ಅವಳೊಬ್ಬಳು."

"ಏನು ಮಾಡಿದಿರಿ?"

"ತೆಪ್ಪದಲ್ಲಿ ಕೂರಿಸಿದೆವು. ಹುಟ್ಟು ಕೊಡಲಿಲ್ಲ. ನೀರು ಕೊಡಲಿಲ್ಲ. ಹೊರಡುವವರಿಗೆ ಬುತ್ತಿ ಕಟ್ಟಬೇಕು, ಅದನ್ನೂ ಕಟ್ಟಲಿಲ್ಲ. ತೆಪ್ಪ ನೂಕಿದ ಕೈಗಳಲ್ಲಿ ನನ್ನದೂ ಇತ್ತು. ಅಲೆ ದಾಟುವವರೆಗೆ ಎಲ್ಲರೂ ಬೈದರು. ದಾಟಿದ ಮೇಲೆ ಸುಮ್ಮನಾದರು. ಅವಳೂ ಕಡಲ ಮೇಲಿದ್ದಳಲ್ಲ."

ಹೆಂಡತಿ ಕರಟವನ್ನು ಎರಡೂ ಕೈಗಳಲ್ಲಿ ನೀರು ಚೆಲ್ಲದ ಹಾಗೆ ಹಿಡಿದುಕೊಂಡಿದ್ದಳು.

"ಊರು ಬಿಟ್ಟು ಎಲ್ಲರೂ ಹೋದರು. ನನ್ನ ಹೆಂಡತಿಯೂ ಹೋದಳು. ನಾನು ಉಳಿದೆ. ದೋಣಿ ದಡ ಸೇರಲಿ ಎಂದಿದ್ದಳು ಅಕ್ಕ. ಸೇರಿದಾಗ ಕೇಳಲು ಒಬ್ಬರಾದರೂ ಬೇಡವೇ?" ಅವನು ಎದ್ದು ನಾವಿಕನ ಮುಂದೆ ನಿಂತ. "ಈಗ ನೀನು ದಡದಲ್ಲಿದ್ದೀಯೆ. ಹೇಳು."

ನಾವಿಕ ಹೆಂಡತಿಯನ್ನು ನೋಡಿದ. "ನಾನು ಕರಟದಿಂದಲೇ ಎತ್ತಿದೆ," ಎಂದ.



ಹೆಂಡತಿ ಕರಟವನ್ನು ನೆಲದ ಮೇಲೆ ಇಟ್ಟಳು. ಸೊಂಟದಿಂದ ಗಂಟು ತೆಗೆದಳು. ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಬೀಜಗಳು, ಕವಡೆಗಳು ನೆಲಕ್ಕೆ ಬಿದ್ದವು. ಅವಳು ಹೆಕ್ಕಲಿಲ್ಲ. ಬಿಳಿಯ ಚೂರನ್ನು ತೆಗೆದು ಮೀನುಗಾರನಿಗೆ ಕೊಟ್ಟಳು.

"ನಮ್ಮ ಪೀಪಾಯಿಯಲ್ಲಿ ಸಿಕ್ಕಿತು, ಅಣ್ಣ. ನಿಮ್ಮ ಊರಿನದು."

ಅವನು ಬಾವಿಗೆ ಇಳಿದ. ಕಡಲ ಇಳಿತದ ಹೊತ್ತು, ನೀರು ಮೊಣಕಾಲವರೆಗೆ ಇತ್ತು. ಬಾವಿಯ ತಳ ಬಿಳಿಯ ಕಲ್ಲಿನ ಒಂದು ಹಾಸು, ತಟ್ಟೆಯಷ್ಟೇ ದಪ್ಪ. ಅದರ ಮೇಲೆ ಮಳೆಯ ನೀರು ನಿಲ್ಲುತ್ತಿತ್ತು. ಕೆಳಗೆ ಕಡಲು. ಹಾಸಿನ ನಡುವೆ ಒಂದು ಜಾಗ ಒಡೆದಿತ್ತು. ಅವನು ಬಗ್ಗಿ ಚೂರನ್ನು ಅಲ್ಲಿಟ್ಟ. ಅದು ಸರಿಯಾಗಿ ಕೂತಿತು. ನೀರು ಸಿಹಿಯಾಗಲಿಲ್ಲ.

ಅವನು ಮೇಲೆ ಬಂದಾಗ ಹೆಂಡತಿ ಕರಟವನ್ನು ಅವನ ಕಡೆ ಸರಿಸಿದಳು. ನೀರು ಹಾಗೇ ಇತ್ತು.

"ಕುಡಿ, ತಂಗಿ. ನಿನ್ನದೇನೂ ತಪ್ಪಿಲ್ಲ."

"ಆರು ಪೀಪಾಯಿ ಕುಡಿದಿದ್ದೇನೆ, ಅಣ್ಣ. ಸಾಕು."

ನಾವಿಕ ಅವಳ ಕಾಲು ಹಿಡಿದ. ಕುಡಿಸಲು ನೋಡಿದ. ಅವಳು ಹಲ್ಲು ಕಚ್ಚಿಕೊಂಡಳು. ಗಂಡನ ಜೊತೆ ಮತ್ತೆ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸತ್ತಳು.

ದೀವಿಹಲಸಿನ ಸಸಿ ಇದ್ದ ಕಡೆ ಒಂದು ಒಣ ಕೋಲು ನಿಂತಿತ್ತು. ಅವಳು ಕಟ್ಟಿದ ಬೇಲಿಯ ಎರಡು ಗೂಟಗಳು ಉಳಿದಿದ್ದವು. ಇಬ್ಬರೂ ಸೇರಿ ಅಲ್ಲೇ ಹೂಳಿದರು.

ಮಣ್ಣು ಮುಚ್ಚಿ ಆದ ಮೇಲೆ ನಾವಿಕ ಹೇಳಿದ. "ನಾನೂ ಇಲ್ಲೇ ಇರುತ್ತೇನೆ. ಬಾವಿ ಸರಿಮಾಡುತ್ತೇನೆ. ಎಷ್ಟು ವರ್ಷವಾದರೂ ಆಗಲಿ."

"ಬೇಡ."

"ಇನ್ನೆಲ್ಲಿಗೆ ಹೋಗಲಿ?"

"ಕಡಲಿಗೆ ಹೋಗು. ದಡದಲ್ಲಿದ್ದರೆ ನಿನ್ನ ಬಗ್ಗೆ ಮಾತಾಡಬೇಕಾಗುತ್ತದೆ. ನನ್ನ ಬಾಯಲ್ಲಿ ಏಳು ವರ್ಷದ ಮಾತು ಇದೆ. ಅದು ಹೊರಗೆ ಬಂದರೆ ಆಮೇಲೆ ಕೈ ಸುಮ್ಮನಿರುವುದಿಲ್ಲ. ಅಲ್ಲಿ ನಿನಗೆ ಯಾರೂ ಏನೂ ಅನ್ನುವಂತಿಲ್ಲ. ನನ್ನ ಅಕ್ಕ ಅದನ್ನು ನಿನಗೆ ಕೊಟ್ಟು ಹೋಗಿದ್ದಾಳೆ. ಇಟ್ಟುಕೋ."

ಮೀನುಗಾರ ಮೂರು ಮಡಕೆಗಳಲ್ಲಿ ಒಂದನ್ನು ದೋಣಿಯಲ್ಲಿ ಇಟ್ಟ. ಎರಡು ಒಣಮೀನನ್ನು ಎಲೆಯಲ್ಲಿ ಸುತ್ತಿ ಇಟ್ಟ. ಹೊರಡುವವರಿಗೆ ಬುತ್ತಿ ಕೊಡಬೇಕು. ಆಮೇಲೆ ದೋಣಿ ನೂಕಿದ.

ಗುರು ಹೊಸೆಯುವುದು ನಿಲ್ಲಿಸಿದರು. ಹಗ್ಗ ಮುಗಿದಿತ್ತು.

ಶಿಷ್ಯ ಕಾದ.

"ಆ ನಾವಿಕ ಏನಾದ?"

"ಕಡಲ ಮೇಲಿದ್ದಾನೆ. ಅವನ ಮೇಲೆ ಎಲ್ಲಿಂದಲೂ ದೂರು ಬಂದಿಲ್ಲ."

ಶಿಷ್ಯನ ಮುಖ ಕೆಂಪಾಯಿತು. "ಅವನು ಸುಳ್ಳ, ಗುರುಗಳೇ. ನಂಬಿಸಿ ಕೆಡಿಸಿದವನು. ನಾನು ಯಾರ ಬಾವಿಯನ್ನೂ ಒಡೆದವನಲ್ಲ. ಹನ್ನೊಂದು ಊರಲ್ಲಿ ಯಾರಿಗೂ ನನ್ನಿಂದ ಕೇಡಾಗಿಲ್ಲ."

ಗುರು ಅವನ ಕೈಯಿಂದ ಹಗ್ಗದ ತುದಿ ತೆಗೆದುಕೊಂಡರು.

"ಹನ್ನೊಂದರಲ್ಲಿ ಯಾವ ಊರಿಗೆ ಹಿಂದಿರುಗಿ ಹೋಗಿ ಕೇಳಿ ಬಂದೆ?"